ಸೊಂಟದ ಕೀಲಿನ ಡಿಸ್‌ಪ್ಲೇಸಿಯಾ: ಶಸ್ತ್ರಚಿಕಿತ್ಸೆಯಿಂದ ಕೀಲಿಗೆ ಸ್ಥಿರತೆ ಹೇಗೆ ಬರುತ್ತದೆ?

ಕನ್ನಡದಲ್ಲಿ ‘ಸೊಂಟ ನೋವು’ ಎಂದರೆ ಬೆನ್ನಿನ ಕೆಳಭಾಗದ ನೋವು ಎಂದೇ ಎಲ್ಲರೂ ತಿಳಿಯುತ್ತಾರೆ. ವೈದ್ಯರು ‘ಹಿಪ್’ ಎನ್ನುವ ಕೀಲು ಇರುವುದು ಅಲ್ಲಲ್ಲ. ತೊಡೆಯು ಸೊಂಟದ ಎಲುಬಿಗೆ ಸೇರುವ ಕಡೆ, ತೊಡೆಸಂದಿನ ಆಳದಲ್ಲಿ. ಈ ಹೆಸರಿನ ಗೊಂದಲದಿಂದಲೇ ಎಷ್ಟೋ ಯುವತಿಯರು ವರ್ಷಗಟ್ಟಲೆ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ, ಬೆನ್ನಿನ ಎಕ್ಸ್‌ರೇ ತೆಗೆಸುತ್ತಾರೆ. ಕೊನೆಗೊಮ್ಮೆ ತೊಡೆ ಕೀಲಿನ ಎಕ್ಸ್‌ರೇ ತೆಗೆದಾಗ ನಿಜವಾದ ಕಾರಣ ಕಾಣುತ್ತದೆ: ಚಿಕ್ಕಂದಿನಿಂದಲೇ ಆ ಕೀಲಿನ ಬಟ್ಟಲು ಆಳವಾಗಿ ಬೆಳೆದಿರಲಿಲ್ಲ. ಇದಕ್ಕೇ ಸೊಂಟದ ಕೀಲಿನ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. (ಅಂತರ್ಜಾಲದಲ್ಲಿ ಈ ಹೆಸರು ಹುಡುಕಿದರೆ ಜರ್ಮನ್ ಶೆಫರ್ಡ್ ನಾಯಿಗಳ ಚಿತ್ರಗಳೇ ಹೆಚ್ಚು ಸಿಗುತ್ತವೆ, ನಾಯಿಗಳಲ್ಲೂ ಈ ತೊಂದರೆ ಸಾಮಾನ್ಯ. ಅಲ್ಲಿನ ಚಿಕಿತ್ಸೆಯ ವಿವರಗಳನ್ನು ಮನುಷ್ಯರಿಗೆ ಅನ್ವಯಿಸಿಕೊಳ್ಳಬಾರದು.)

ನೆಲದ ಮೇಲೆ ಕುಳಿತು ಸಾಮಾಯಿಕ ಮಾಡುವ, ಪಂಚಾಂಗ ನಮಸ್ಕಾರ ಮಾಡುವ, ವರ್ಷಕ್ಕೊಮ್ಮೆಯಾದರೂ ಕ್ಷೇತ್ರದ ಬೆಟ್ಟ ಹತ್ತುವ ಜೈನ ಕುಟುಂಬಗಳಿಗೆ ಈ ಕೀಲಿನ ವಿಷಯ ಬೇರೆಯವರಿಗಿಂತ ತುಸು ಹೆಚ್ಚೇ ಮುಖ್ಯ. ಶಸ್ತ್ರಚಿಕಿತ್ಸೆ ಎಂದಾಗ ಏಳುವ ಆಹಾರ, ವ್ರತ ಮತ್ತು ಪ್ರಾಣಿಜನ್ಯ ವಸ್ತುಗಳ ಪ್ರಶ್ನೆಗಳೂ ಇವೆ. ಅವುಗಳಿಗೆ ಆಸ್ಪತ್ರೆಯಲ್ಲಿ ತಾವಾಗಿಯೇ ಯಾರೂ ಉತ್ತರ ಹೇಳುವುದಿಲ್ಲ.

ಬಟ್ಟಲು ಮತ್ತು ಚೆಂಡು

ತೊಡೆ ಮೂಳೆಯ ತುದಿ ಚೆಂಡಿನಂತಿದೆ. ಸೊಂಟದ ಎಲುಬಿನಲ್ಲಿರುವ ಬಟ್ಟಲಿನಂಥ ಗುಳಿಯಲ್ಲಿ ಅದು ಕೂರುತ್ತದೆ. ಬಟ್ಟಲಿನ ಅಂಚಿಗೆ ಲೇಬ್ರಮ್ ಎಂಬ ಮೆತ್ತನೆಯ ಉಂಗುರವಿದೆ. ಅದು ಡಬ್ಬಿಯ ಮುಚ್ಚಳದ ರಬ್ಬರಿನಂತೆ ಕೀಲನ್ನು ಬಿಗಿಯಾಗಿ ಮುಚ್ಚಿ ಚೆಂಡನ್ನು ಒಳಕ್ಕೆ ಹೀರಿ ಹಿಡಿಯುತ್ತದೆ. ಸುತ್ತ ದಪ್ಪನೆಯ ಚೀಲದಂಥ ಪೊರೆ, ಅದರ ಹೊರಗೆ ಸ್ನಾಯುಗಳು. ಕೀಲಿನ ಸ್ಥಿರತೆ ಎಂದರೆ ಈ ನಾಲ್ಕೂ ಸೇರಿ ಮಾಡುವ ಕೆಲಸ. ಆದರೆ ಮೂಳೆಯ ಆಸರೆ ಕಡಿಮೆಯಾದರೆ ಉಳಿದ ಮೂರರ ಮೇಲೆ ಭಾರ ಬೀಳುತ್ತದೆ, ಮತ್ತು ಅವು ಮೂಳೆಯಷ್ಟು ಕಾಲ ತಾಳುವುದಿಲ್ಲ.

ಮಾಮೂಲಾಗಿ ನಡೆಯುವಾಗಲೇ ಈ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ. ಬಟ್ಟಲು ಚೆಂಡನ್ನು ಪೂರ್ತಿ ಹೊದ್ದಿದ್ದರೆ ಆ ಒತ್ತಡ ಅಗಲವಾಗಿ ಹರಡುತ್ತದೆ. ಬಟ್ಟಲು ಕಿರಿದಾಗಿ, ಓರೆಯಾಗಿ ಇದ್ದರೆ ಅದೇ ಒತ್ತಡ ಅಂಚಿನ ಸಣ್ಣ ಜಾಗದಲ್ಲಿ ಬಂದು ಕೂರುತ್ತದೆ. ಅಲ್ಲಿಯ ಮೃದ್ವಸ್ಥಿ ಸವೆಯುತ್ತದೆ, ಲೇಬ್ರಮ್ ಹರಿಯುತ್ತದೆ, ಚೆಂಡು ಹೊರಕ್ಕೆ ಜಾರುತ್ತದೆ. ಆಸರೆ ಎಷ್ಟಿದೆ ಎಂದು ಅಳೆಯುವ ಕೋನವನ್ನು ಸ್ವೀಡನ್ನಿನ ಗುನ್ನಾರ್ ವಿಬರ್ಗ್ 1939ರಲ್ಲಿ ವಿವರಿಸಿದರು. ಇಂದಿಗೂ ವಯಸ್ಕರ ಎಕ್ಸ್‌ರೇಯಲ್ಲಿ ವೈದ್ಯರು ಗೆರೆ ಎಳೆದು ನೋಡುವುದು ಅದನ್ನೇ. 25 ಡಿಗ್ರಿಗಿಂತ ಹೆಚ್ಚಿದ್ದರೆ ಸರಿ, 20ಕ್ಕಿಂತ ಕಡಿಮೆಯಿದ್ದರೆ ಡಿಸ್‌ಪ್ಲೇಸಿಯಾ; ನಡುವಿನದು ಅನುಮಾನದ ವಲಯ.

ಹೆಣ್ಣುಮಕ್ಕಳಲ್ಲಿ ಇದು ಗಂಡುಮಕ್ಕಳಿಗಿಂತ ಹಲವು ಪಟ್ಟು ಹೆಚ್ಚು. ಚೊಚ್ಚಲ ಮಗು, ಗರ್ಭದಲ್ಲಿ ಪೃಷ್ಠ ಕೆಳಗಾಗಿದ್ದ ಮಗು, ಮನೆಯಲ್ಲಿ ಮೊದಲೇ ಒಬ್ಬರಿಗೆ ಈ ತೊಂದರೆ ಇದ್ದ ಮಗು, ಇವರಲ್ಲಿ ಸಂಭವ ಹೆಚ್ಚು. ಎಡಗಾಲಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಅಕ್ಕನಿಗೆ ಇತ್ತು ಎಂದರೆ ತಂಗಿ ಹುಟ್ಟಿದ ದಿನವೇ ಮಕ್ಕಳ ವೈದ್ಯರಿಗೆ ಅದನ್ನು ಹೇಳಬೇಕು. ಮನೆತನದ ಹೆಸರಿಗೆ ಕುಂದು ಎಂದು ಮುಚ್ಚಿಡುವುದರಿಂದ ಕಳೆದುಹೋಗುವುದು ಮಗುವಿನ ಅತಿ ಬೆಲೆಬಾಳುವ ಆರು ತಿಂಗಳು.

ಎಣ್ಣೆಸ್ನಾನ ಮಾಡಿಸಿ, ಎರಡೂ ಕಾಲನ್ನು ನೀಟಾಗಿ ಜೋಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದು ನಮ್ಮ ಅಜ್ಜಿಯರ ರೂಢಿ. ತೋಳನ್ನು ಸುತ್ತಿದರೆ ತೊಂದರೆಯಿಲ್ಲ, ಕಾಲುಗಳನ್ನು ಮಾತ್ರ ಸಡಿಲ ಬಿಡಬೇಕು; ಮಗು ಕಪ್ಪೆಯಂತೆ ತೊಡೆ ಮಡಚಿ ಅಗಲಿಸಿಕೊಳ್ಳಲು ಜಾಗವಿರಬೇಕು. ಜಪಾನಿನಲ್ಲಿ 1970ರ ದಶಕದಲ್ಲಿ ಕಾಲು ನೇರ ಮಾಡಿ ಸುತ್ತುವುದನ್ನು ಬಿಡಿಸಲು ದೇಶವ್ಯಾಪಿ ಪ್ರಚಾರ ನಡೆಯಿತು; ಈ ಕೀಲಿನ ತೊಂದರೆ ಅಲ್ಲಿ ಗಣನೀಯವಾಗಿ ಇಳಿಯಿತು. ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಂಡು ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ರೂಢಿಯಂತೂ ಕೀಲಿಗೆ ಒಳ್ಳೆಯದೇ.

ಚಾಕುವಿಗೆ ಮೊದಲು

ಆರು ತಿಂಗಳೊಳಗೆ ಗೊತ್ತಾದರೆ ಬಹುಪಾಲು ಮಕ್ಕಳಿಗೆ ಶಸ್ತ್ರಚಿಕಿತ್ಸೆಯೇ ಬೇಡ. ಚೆಕ್ ವೈದ್ಯ ಆರ್ನಾಲ್ಡ್ ಪಾವ್ಲಿಕ್ ರೂಪಿಸಿದ ಪಟ್ಟಿಗಳ ಕವಚವನ್ನು ತೊಡಿಸಿ ತೊಡೆಯನ್ನು ಮಡಚಿ, ಅಗಲಿಸಿ ಇಟ್ಟರೆ, ಚೆಂಡು ಬಟ್ಟಲಿನ ಮಧ್ಯಕ್ಕೆ ಬಂದು ಕೂತು, ಬಟ್ಟಲೇ ಅದರ ಸುತ್ತ ಆಳವಾಗಿ ಬೆಳೆಯುತ್ತದೆ. ಎಳೆಯ ಮಗುವಿನ ಚೆಂಡು ಇನ್ನೂ ಮೂಳೆಯಾಗಿರುವುದಿಲ್ಲವಾದ್ದರಿಂದ ನಾಲ್ಕರಿಂದ ಆರು ತಿಂಗಳವರೆಗೆ ಅಲ್ಟ್ರಾಸೌಂಡ್, ಆಮೇಲೆ ಎಕ್ಸ್‌ರೇ. ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದ ಮಕ್ಕಳಲ್ಲಿ ತಪಾಸಣೆ ಮಾಡಬೇಕಾದ ಜನ್ಮದೋಷಗಳ ಪಟ್ಟಿಯಲ್ಲಿ ಇದೂ ಇದೆ. ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಗಳಲ್ಲಿ ಪಾಲಕರು ಇದನ್ನು ಹೆಸರು ಹಿಡಿದು ಕೇಳಬಹುದು.

ಆದರೆ ನಮ್ಮ ದೇಶದಲ್ಲಿ ಈ ತೊಂದರೆ ಎಷ್ಟೋ ಸಲ ಬೆಳಕಿಗೆ ಬರುವುದು ಮಗು ನಡೆಯಲು ಶುರುಮಾಡಿದ ಮೇಲೆ. ಒಂದು ಕಾಲು ಗಿಡ್ಡ ಕಾಣುತ್ತದೆ; ಎರಡೂ ಕಡೆ ಇದ್ದರೆ ಬಾತುಕೋಳಿಯಂತೆ ಓಲಾಡುವ ನಡಿಗೆ. ನೋವಿರುವುದಿಲ್ಲ. ಹಾಗಾಗಿ ‘ದೊಡ್ಡವಳಾದಂತೆ ಸರಿಹೋಗುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ನಡೆಯುವ ವಯಸ್ಸಿನಲ್ಲಿ ಪೂರ್ತಿ ಜಾರಿರುವ ಕೀಲು ತಾನಾಗಿ ಮರಳಿ ಸೇರುವುದಿಲ್ಲ.

ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು, ಕೊಯ್ಯದೆ ಕೈಯಿಂದಲೇ ಚೆಂಡನ್ನು ಒಳಗೆ ಕೂರಿಸಿ, ಎದೆಯ ಕೆಳಗಿನಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಹಾಗೆ ಕೂರದಿದ್ದರೆ, ಅಥವಾ ಮಗು ದೊಡ್ಡದಾಗಿದ್ದರೆ, ತೆರೆದು ಮಾಡುವ ಶಸ್ತ್ರಚಿಕಿತ್ಸೆ.

ಮಕ್ಕಳಲ್ಲಿ: ದಾರಿ ಬಿಡಿಸುವುದು, ಸೂರು ಹೊದಿಸುವುದು

ಕೀಲನ್ನು ತೆರೆದಾಗ ಶಸ್ತ್ರಚಿಕಿತ್ಸಕರಿಗೆ ಕಾಣುವುದು ಖಾಲಿ ಬಟ್ಟಲಲ್ಲ. ಅಲ್ಲಿ ಕೊಬ್ಬು ತುಂಬಿರುತ್ತದೆ, ಒಳಗಿನ ಅಸ್ಥಿರಜ್ಜು ದಪ್ಪವಾಗಿರುತ್ತದೆ, ಲೇಬ್ರಮ್ ಒಳಕ್ಕೆ ಮಡಚಿಕೊಂಡಿರಬಹುದು, ಎದುರಿನ ಸ್ನಾಯುವಿನ ತಂತು ಅಡ್ಡ ಬಿದ್ದು ಚೀಲದ ಪೊರೆಯನ್ನು ನಡುವಿನಲ್ಲಿ ಬಿಗಿದಿರುತ್ತದೆ. ಇವನ್ನೆಲ್ಲ ಬಿಡಿಸಿದ ಮೇಲೆ ಚೆಂಡು ಬಟ್ಟಲಿನ ತಳ ಮುಟ್ಟುತ್ತದೆ. ಆಮೇಲೆ, ಜಾರಿ ಜಾರಿ ಸಡಿಲವಾದ ಚೀಲವನ್ನು ಮಡಚಿ ಬಿಗಿಯಾಗಿ ಹೊಲಿಯುತ್ತಾರೆ. ಕೀಲು ಮತ್ತೆ ಜಾರದಂತೆ ತಡೆಯುವುದರಲ್ಲಿ ಈ ಹೊಲಿಗೆಯ ಪಾಲು ದೊಡ್ಡದು.

ಆದರೂ ಒಂದು ಸಮಸ್ಯೆ ಉಳಿಯುತ್ತದೆ. ಚೆಂಡನ್ನು ಒಳಗೆ ಕೂರಿಸಿದ ಮೇಲೆ ತೊಡೆಯನ್ನು ಮಡಚಿ ಅಗಲಿಸಿದರೆ ಅದು ನಿಲ್ಲುತ್ತದೆ. ಕಾಲನ್ನು ನೇರ ಮಾಡಿದರೆ ಜಾರುತ್ತದೆ. ಟೊರಾಂಟೊದ ಮಕ್ಕಳ ಆಸ್ಪತ್ರೆಯ ರಾಬರ್ಟ್ ಸಾಲ್ಟರ್ ಇದರ ಕಾರಣವನ್ನು ಗುರುತಿಸಿದರು: ಇಂಥ ಮಕ್ಕಳ ಬಟ್ಟಲು ಕೆಳಕ್ಕೆ ನೋಡುವ ಬದಲು ಮುಂದಕ್ಕೂ ಹೊರಕ್ಕೂ ತಿರುಗಿರುತ್ತದೆ. ಕಾಲನ್ನು ಬಟ್ಟಲಿಗೆ ಹೊಂದಿಸಿಟ್ಟುಕೊಂಡು ಯಾರೂ ನಡೆಯಲಾರರು, ಆದ್ದರಿಂದ ಬಟ್ಟಲನ್ನೇ ಕಾಲಿಗೆ ಹೊಂದಿಸಬೇಕು. 1961ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಬಟ್ಟಲಿನ ಮೇಲ್ಗಡೆ ಸೊಂಟದ ಎಲುಬನ್ನು ಅಡ್ಡಲಾಗಿ ಕೊಯ್ದು, ಬಟ್ಟಲಿರುವ ಇಡೀ ಕೆಳಭಾಗವನ್ನು ಬಾಗಿಲ ಕೀಲಿನಂತೆ ಮುಂದಕ್ಕೆ ಹಾಗೂ ಹೊರಕ್ಕೆ ವಾಲಿಸುತ್ತಾರೆ. ಬಿರುಕಿಗೆ ಮಗುವಿನ ಸೊಂಟದ ಎಲುಬಿನ ಅಂಚಿನಿಂದಲೇ ತೆಗೆದ ತ್ರಿಕೋನಾಕಾರದ ಮೂಳೆ ತುಂಡನ್ನು ಇಟ್ಟು, ಲೋಹದ ಪಿನ್ನುಗಳಿಂದ ಬಿಗಿಯುತ್ತಾರೆ. ಆಗ ಮಗು ನೆಟ್ಟಗೆ ನಿಂತಾಗಲೂ ಚೆಂಡಿನ ಮೇಲೆ ಸೂರು ಇರುತ್ತದೆ. ಒಂದೂವರೆ ವರ್ಷದಿಂದ ಸುಮಾರು ಆರು ವರ್ಷದವರೆಗೆ ಇದು ಚೆನ್ನಾಗಿ ಒದಗುತ್ತದೆ. ಬಟ್ಟಲು ತಿರುಗಿರುವುದಷ್ಟೇ ಅಲ್ಲದೆ ತೀರ ಅಗಲವಾಗಿದ್ದರೆ, ಅದರ ಛಾವಣಿಯನ್ನು ಬಗ್ಗಿಸಿ ಕಿರಿದು ಮಾಡುವ ಪೆಂಬರ್ಟನ್ ಅಥವಾ ಡೇಗಾ ವಿಧಾನ ಆರಿಸುತ್ತಾರೆ.

ಎರಡು-ಮೂರು ವರ್ಷ ದಾಟಿದ, ಚೆಂಡು ಬಹಳ ಮೇಲೆ ಏರಿರುವ ಮಕ್ಕಳಿಗೆ ತೊಡೆ ಮೂಳೆಯನ್ನೂ ಕೊಯ್ದು ತುಸು ಗಿಡ್ಡ ಮಾಡುತ್ತಾರೆ, ತಿರುಚು ಸರಿಪಡಿಸುತ್ತಾರೆ. ಮೊದಲೇ ಕಾಲು ಗಿಡ್ಡ, ಇನ್ನೂ ಗಿಡ್ಡ ಮಾಡುವುದೇ ಎಂದು ತಾಯಂದಿರು ಗಾಬರಿಯಾಗುತ್ತಾರೆ. ಗಿಡ್ಡ ಮಾಡದೆ ಬಲವಂತವಾಗಿ ಎಳೆದು ಕೂರಿಸಿದರೆ ಚೆಂಡಿನ ಮೇಲೆ ಒತ್ತಡ ಹೆಚ್ಚಿ ಅದರ ರಕ್ತಸಂಚಾರ ನಿಲ್ಲಬಹುದು. ಚೆಂಡು ಒಣಗಿ ಕುಸಿಯುವುದೇ ಈ ಚಿಕಿತ್ಸೆಯ ಅತಿ ಕೆಟ್ಟ ತೊಡಕು. ಅದನ್ನು ತಪ್ಪಿಸಲು ಈ ಹೆಜ್ಜೆ. ಎಳೆಯ ಮಕ್ಕಳ ಮೂಳೆ ಮತ್ತೆ ಉದ್ದ ಬೆಳೆದು ವ್ಯತ್ಯಾಸವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಯುವತಿಯರಲ್ಲಿ: ಬರ್ನ್ ನಗರದ ವಿಧಾನ

ಕೀಲು ಜಾರದೆ ಬಟ್ಟಲು ಮಾತ್ರ ಕಿರಿದಾಗಿರುವ ಹುಡುಗಿಯರು ಕುಂಟುವುದೇ ಇಲ್ಲ. ಹದಿನೆಂಟು, ಇಪ್ಪತ್ತರ ನಂತರ ತೊಡೆಸಂದಿನಲ್ಲಿ ನೋವು, ಹೆಚ್ಚು ಹೊತ್ತು ನಿಂತರೆ ದಣಿವು, ಕಾಲು ತಿರುಗಿಸಿದಾಗ ‘ಕಟ್’ ಎಂಬ ಶಬ್ದ, ಕೀಲು ಬಿಟ್ಟುಹೋಗುವಂಥ ಭಾವನೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದ ಮರುದಿನ ಒಂದೇ ಕಡೆ ತೊಡೆಸಂದು ಹಿಡಿದುಕೊಳ್ಳುತ್ತಿದ್ದರೆ ಅದನ್ನು ದಣಿವೆಂದು ತಳ್ಳಿಹಾಕಬಾರದು. ಮದುವೆ ಮಾತುಕತೆ ಮುಗಿಯಲಿ, ಹೆರಿಗೆಯಾಗಲಿ ಎಂದು ಹತ್ತು ವರ್ಷ ಮುಂದೂಡಿದರೆ ಕೀಲನ್ನು ಉಳಿಸುವ ಅವಕಾಶ ಮುಚ್ಚಿಹೋಗಬಹುದು, ಏಕೆಂದರೆ ಮೃದ್ವಸ್ಥಿ ಸವೆದ ಮೇಲೆ ಬಟ್ಟಲು ತಿರುಗಿಸಿ ಫಲವಿಲ್ಲ.

ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ರೀನ್‌ಹೋಲ್ಡ್ ಗಾನ್ಜ್ 1984ರಲ್ಲಿ ಆರಂಭಿಸಿ 1988ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸೆ ಇಂಥವರಿಗಾಗಿ. ಬಟ್ಟಲಿನ ಸುತ್ತ ಎಲುಬನ್ನು ಹಲವು ಕಡೆ ಕೊಯ್ದು, ಬಟ್ಟಲನ್ನು ಪೂರ್ತಿ ಬಿಡಿಸಿ, ಬೇಕಾದ ದಿಕ್ಕಿಗೆ ತಿರುಗಿಸಿ ಸ್ಕ್ರೂಗಳಿಂದ ಕೂಡಿಸುತ್ತಾರೆ. ಇದರ ಜಾಣತನವಿರುವುದು ಕೊಯ್ಯದೆ ಬಿಟ್ಟ ಜಾಗದಲ್ಲಿ. ಸೊಂಟದ ಎಲುಬಿನ ಹಿಂದಿನ ಕಂಬ ಹಾಗೇ ಉಳಿಯುವುದರಿಂದ ಇಡೀ ಸೊಂಟದ ಚೌಕಟ್ಟು ಅಲುಗುವುದಿಲ್ಲ, ದೊಡ್ಡ ಪ್ಲಾಸ್ಟರ್ ಬೇಡ, ಊರುಗೋಲು ಹಿಡಿದು ಬೇಗ ಓಡಾಡಬಹುದು. ಹೆರಿಗೆಯ ದಾರಿಯ ಆಕಾರವೂ ಕೆಡುವುದಿಲ್ಲ. ಮುಂದೆ ಸಹಜ ಹೆರಿಗೆಗೆ ಈ ಶಸ್ತ್ರಚಿಕಿತ್ಸೆಯೊಂದೇ ಅಡ್ಡಿಯಲ್ಲ. ಆರರಿಂದ ಎಂಟು ವಾರ ಪೂರ್ತಿ ಭಾರ ಹಾಕುವಂತಿಲ್ಲ, ಊರುಗೋಲು ಬಿಡಲು ಸುಮಾರು ಮೂರು ತಿಂಗಳು ಬೇಕು.

ಫಲಿತಾಂಶ? ಬರ್ನ್‌ನಲ್ಲಿ ಮೊದಲು ಮಾಡಿದ 75 ಕೀಲುಗಳನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದ್ದಾರೆ. 20 ವರ್ಷದ ನಂತರ ಸುಮಾರು 60 ಶೇಕಡಾ ಕೀಲುಗಳು ಬದಲಿ ಜೋಡಣೆಯಿಲ್ಲದೆ ಉಳಿದಿದ್ದವು. 30 ವರ್ಷದ ಹೊತ್ತಿಗೆ ಬದಲಿ ಜೋಡಣೆಯಾಗಲಿ, ಸವೆತ ಹೆಚ್ಚುವುದಾಗಲಿ ಇಲ್ಲದೆ ಚೆನ್ನಾಗಿ ಉಳಿದಿದ್ದ ಕೀಲುಗಳು ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ವಿಧಾನ ಕಲಿಯುತ್ತಿದ್ದ ಕಾಲದ, ಕೆಲವರಲ್ಲಿ ಆಗಲೇ ಸವೆತ ಇದ್ದ ಕೀಲುಗಳ ಲೆಕ್ಕ ಇದು. ಸವೆತಕ್ಕೆ ಮುಂಚೆ, ನಲವತ್ತರೊಳಗೆ ಮಾಡಿಸಿಕೊಂಡವರಿಗೆ ಫಲ ಹೆಚ್ಚು.

ಇಲ್ಲಿ ಕುಟುಂಬದವರು ಬಾಯಿಬಿಟ್ಟು ಹೇಳಬೇಕಾದ ಮಾತೊಂದಿದೆ. ಆಸರೆ ಹೆಚ್ಚಿದಷ್ಟೂ ಸ್ಥಿರತೆ ಹೆಚ್ಚುತ್ತದೆ, ಆದರೆ ಅತಿಯಾದರೆ ತೊಡೆ ಮಡಚುವಾಗ ಬಟ್ಟಲಿನ ಅಂಚಿಗೆ ಮೂಳೆ ತಾಗುತ್ತದೆ, ಕೀಲು ಮಡಚುವುದು ಕಡಿಮೆಯಾಗುತ್ತದೆ. ಕುರ್ಚಿಯಲ್ಲೇ ಬದುಕುವ ದೇಶದವರಿಗೆ ಅದು ಗೊತ್ತೇ ಆಗದಿರಬಹುದು. ನೆಲದ ಮೇಲೆ ಕುಳಿತು ಊಟ, ಸ್ವಾಧ್ಯಾಯ, ಪೂಜೆ ಮಾಡುವವರಿಗೆ ದಿನವೂ ಗೊತ್ತಾಗುತ್ತದೆ. ಆದ್ದರಿಂದ ‘ನಾವು ಪದ್ಮಾಸನ ಅಥವಾ ಅರ್ಧಪದ್ಮಾಸನದಲ್ಲಿ ದಿನಕ್ಕೆ ಇಷ್ಟು ಹೊತ್ತು ಕೂರುತ್ತೇವೆ’ ಎಂದು ಶಸ್ತ್ರಚಿಕಿತ್ಸಕರಿಗೆ ಮೊದಲೇ ತಿಳಿಸಬೇಕು.

ಸಣ್ಣ ರಂಧ್ರದ ಮೂಲಕ ದುರ್ಬೀನು ಹಾಕಿ ಹರಿದ ಲೇಬ್ರಮ್ಮನ್ನಷ್ಟೇ ಸರಿಮಾಡುವ ವಿಧಾನ ಸುಲಭವೆಂದು ಕೆಲವರು ಅದನ್ನೇ ಬಯಸುತ್ತಾರೆ. ಬಟ್ಟಲು ಸ್ಪಷ್ಟವಾಗಿ ಕಿರಿದಾಗಿರುವವರಲ್ಲಿ ಅದೊಂದನ್ನೇ ಮಾಡಿದರೆ, ಚೀಲವನ್ನು ಕೊಯ್ದ ಕಾರಣಕ್ಕೆ ಕೀಲು ಇನ್ನಷ್ಟು ಸಡಿಲವಾಗುವ ಅಪಾಯವಿದೆ. ಗಾಯ ಚಿಕ್ಕದೆಂಬ ಕಾರಣಕ್ಕೆ ಒಪ್ಪಿಕೊಳ್ಳುವ ಮುಂಚೆ ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದು ಮೇಲು.

ಕೀಲು ಸವೆದುಹೋದ ಮೇಲೆ

ಪೂರ್ತಿ ಸವೆದರೆ ಉಳಿಯುವುದು ಕೀಲು ಬದಲಾವಣೆ. ಡಿಸ್‌ಪ್ಲೇಸಿಯಾ ಇರುವವರಲ್ಲಿ ಇದು ಸಾಮಾನ್ಯ ಕೀಲು ಬದಲಾವಣೆಗಿಂತ ಕಷ್ಟ: ಬಟ್ಟಲು ಕೂರಿಸಲು ಮೂಳೆ ಸಾಲದು, ತೊಡೆ ಮೂಳೆಯ ಒಳಕೊಳವೆ ಕಿರಿದು, ಕಾಲನ್ನು ಒಮ್ಮೆಲೇ ಬಹಳ ಉದ್ದ ಮಾಡಿದರೆ ನರ ಎಳೆಯುತ್ತದೆ. ಕೀಲು ಜಾರುವ ಸಂಭವವೂ ಇತರರಿಗಿಂತ ಹೆಚ್ಚು. ಅದಕ್ಕಾಗಿ ಎರಡು ಹಂತದಲ್ಲಿ ತಿರುಗುವ ಬಟ್ಟಲುಗಳನ್ನು ಕೆಲವರಿಗೆ ಹಾಕುತ್ತಾರೆ. ಮೊದಲ ಕೆಲವು ವಾರ ತಗ್ಗಿನ ಆಸನ, ಚಕ್ಕಳಮಕ್ಕಳ, ಬಗ್ಗಿ ನಮಸ್ಕಾರ ಸಾಮಾನ್ಯವಾಗಿ ನಿಷಿದ್ಧ. ಹಲವರಿಗೆ ನೆಲದ ಮೇಲೆ ಕೂರುವುದನ್ನು ಶಾಶ್ವತವಾಗಿ ಬಿಡಲು ಹೇಳುತ್ತಾರೆ. 48 ನಿಮಿಷದ ಸಾಮಾಯಿಕಕ್ಕೆ ಎತ್ತರದ ಕುರ್ಚಿ ಸಾಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಗಳ ಹಿಂದೆ ‘ಶಕ್ತಿತಃ’ ಎಂಬ ಮಾತು ಸೇರಿರುವುದನ್ನು ಹಿರಿಯರಿಗೆ ನೆನಪಿಸಿದರೆ ಅವರು ಕುರ್ಚಿಯನ್ನು ಒಪ್ಪುತ್ತಾರೆ. ವಿಂಧ್ಯಗಿರಿಗೆ ಡೋಲಿ ಇದ್ದೇ ಇದೆ.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು

ಅಳವಡಿಸುವ ಪಿನ್ನು, ಸ್ಕ್ರೂ, ಕೃತಕ ಕೀಲುಗಳು ಲೋಹ, ಸೆರಾಮಿಕ್ ಮತ್ತು ಪ್ಲಾಸ್ಟಿಕ್. ಅದರಲ್ಲಿ ಪ್ರಶ್ನೆಯಿಲ್ಲ. ರೋಗಿಯದೇ ಮೂಳೆ ಇಟ್ಟರೆ ಅದರಲ್ಲೂ ಇಲ್ಲ. ಪ್ರಶ್ನೆ ಬರುವುದು ಬೇರೆ ಕಡೆ. ಮೂಳೆಯ ರಕ್ತಸ್ರಾವ ನಿಲ್ಲಿಸಲು ಹಚ್ಚುವ ‘ಬೋನ್ ವ್ಯಾಕ್ಸ್’ನಲ್ಲಿ ಜೇನುಮೇಣವಿದೆ. ರಕ್ತ ನಿಲ್ಲಿಸುವ ಸ್ಪಂಜು, ಔಷಧದ ಕ್ಯಾಪ್ಸೂಲುಗಳಲ್ಲಿ ಜೆಲಟಿನ್ ಇರುತ್ತದೆ. ‘ಕ್ಯಾಟ್‌ಗಟ್’ ಹೊಲಿಗೆ ದಾರ ಪ್ರಾಣಿಗಳ ಕರುಳಿನದು. ಕರಗುವ ಕೃತಕ ದಾರಗಳು ಎಲ್ಲ ಕಡೆ ಸಿಗುತ್ತವೆ. ಮೂಳೆಗೆ ಬದಲಿಯಾಗಿ ಬಳಸುವ ಕೆಲವು ವಸ್ತುಗಳು ದನದ ಮೂಳೆಯಿಂದ ಬಂದವು. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಕಾಲಿನ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಎನಾಕ್ಸಾಪರಿನ್ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಇದರ ಬದಲು ಪ್ರಯೋಗಾಲಯದಲ್ಲೇ ತಯಾರಿಸುವ ಫಾಂಡಾಪರಿನಕ್ಸ್ ಚುಚ್ಚುಮದ್ದು ಇದೆ, ಮಾತ್ರೆಗಳೂ ಇವೆ. ಯಾವುದು ಆ ರೋಗಿಗೆ ಹೊಂದುತ್ತದೆ ಎಂದು ವೈದ್ಯರೇ ಹೇಳಬೇಕು. ಬದಲಿ ಸಿಗದಿದ್ದರೆ ಚುಚ್ಚುಮದ್ದನ್ನೇ ಬಿಟ್ಟುಬಿಡುವುದು ಜೀವಕ್ಕೆ ಅಪಾಯ. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಬಹುದು. ಈ ಪ್ರಶ್ನೆಗಳನ್ನು ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಎತ್ತದೆ, ಒಂದು ವಾರ ಮೊದಲು ಅರಿವಳಿಕೆ ತಪಾಸಣೆಯ ದಿನ ಬರೆದುಕೊಂಡು ಹೋಗಿ ಕೇಳಿದರೆ ಬಹುತೇಕ ವೈದ್ಯರು ಸಹಕರಿಸುತ್ತಾರೆ.

ಕೀಲು ನೋವಿಗೆಂದು ಅಂಗಡಿಯಲ್ಲಿ ಸಿಗುವ ಗ್ಲುಕೋಸಮೈನ್ ಹೆಚ್ಚಾಗಿ ಸೀಗಡಿ, ಏಡಿಯ ಚಿಪ್ಪಿನಿಂದ, ಕಾಂಡ್ರಾಯ್ಟಿನ್ ದನ ಅಥವಾ ಮೀನಿನ ಮೃದ್ವಸ್ಥಿಯಿಂದ ಬರುತ್ತದೆ. ಕಿರಿದಾದ ಬಟ್ಟಲನ್ನು ಇವು ಅಗಲಿಸುವುದಿಲ್ಲ, ಆದ್ದರಿಂದ ಬಿಟ್ಟರೆ ನಷ್ಟವೂ ಇಲ್ಲ.

ಅರಿವಳಿಕೆಗೆ ಮುಂಚೆ ಘನ ಆಹಾರ ಆರು ಗಂಟೆ, ನೀರು ಎರಡು ಗಂಟೆ ಬಿಟ್ಟರೆ ಸಾಕು. ಚೌವಿಹಾರ ಪಾಲಿಸುವವರು ಸೂರ್ಯಾಸ್ತಕ್ಕೇ ನೀರನ್ನೂ ಬಿಟ್ಟಿರುತ್ತಾರೆ. ಮಧ್ಯಾಹ್ನದ ಸರದಿ ಬಂದರೆ ಹದಿನೆಂಟು ಗಂಟೆ ನೀರಿಲ್ಲದೆ ಹೋಗುತ್ತದೆ. ಬೆಳಗಿನ ಮೊದಲ ಸರದಿ ಕೇಳಿ ಪಡೆಯಬೇಕು, ಇಲ್ಲವೆ ಡ್ರಿಪ್ ಹಾಕಲು ಹೇಳಬೇಕು. ದಶಲಕ್ಷಣ ಅಥವಾ ಪರ್ಯುಷಣದ ದೀರ್ಘ ಉಪವಾಸದ ಬೆನ್ನಿಗೇ ಶಸ್ತ್ರಚಿಕಿತ್ಸೆಯ ದಿನ ಇಟ್ಟುಕೊಳ್ಳದಿರುವುದು ಒಳ್ಳೆಯದು. ಮೂಳೆ ಕೂಡಲು ಪ್ರೋಟೀನು ಬೇಕು: ಹೆಸರುಬೇಳೆ, ತೊಗರಿ, ಹಾಲು, ಪನೀರ್, ಕಡಲೆಬೀಜ ಹಗಲಿನ ಊಟದಲ್ಲೇ ಸಾಕಷ್ಟು ಸೇರಿಸಬಹುದು. ರಾತ್ರಿಯ ಮಾತ್ರೆಗಳನ್ನು ಸೂರ್ಯಾಸ್ತಕ್ಕೆ ಮುಂಚೆ ಹೊಂದಿಸಲು ಎಷ್ಟೋ ಸಲ ಸಾಧ್ಯ. ಆ್ಯಂಟಿಬಯಾಟಿಕ್‌ನಂಥ ಗಂಟೆ ತಪ್ಪಬಾರದ ಔಷಧಗಳನ್ನು ಡ್ರಿಪ್ಪಿನ ಮೂಲಕ ಕೊಡಬಹುದೇ ಎಂದು ಕೇಳಬೇಕು.

ಪ್ಲಾಸ್ಟರ್ ಹಾಕಿದ ಮಗು ಮನೆಗೆ ಬಂದಾಗ

ಎರಡೂ ಕಾಲು ಅಗಲಿಸಿ ಹಾಕಿದ ಪ್ಲಾಸ್ಟರಿನ ಮಧ್ಯೆ ಒಂದು ಅಡ್ಡಕೋಲು ಇರುತ್ತದೆ. ಮಗುವನ್ನು ಎತ್ತಲು ಅದನ್ನು ಹಿಡಿಯಬಾರದು. ಮುರಿದರೆ ಒಳಗೆ ಕೀಲು ಜಾರಬಹುದು. ತೊಟ್ಟಿಲಲ್ಲಿ ಹಿಡಿಯುವುದಿಲ್ಲ, ಕಾರಿನಲ್ಲೂ ಕಷ್ಟ, ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ವಾಹನ ಯೋಚಿಸಿಟ್ಟುಕೊಳ್ಳಬೇಕು. ಎರಡು-ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ತುರಿಕೆಗೆಂದು ಕಡ್ಡಿ ತೂರಿಸಬಾರದು. ಕಾಲ್ಬೆರಳು ನೀಲಿಯಾದರೆ, ತಣ್ಣಗಾದರೆ, ಮಗು ಸುಮ್ಮನಾಗದೆ ಅತ್ತರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು.

ಆರು ವಾರದಿಂದ ಮೂರು ತಿಂಗಳಲ್ಲಿ ಪ್ಲಾಸ್ಟರ್ ತೆಗೆಯುತ್ತಾರೆ. ಪಿನ್ನುಗಳನ್ನು ಆಮೇಲೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುವುದುಂಟು. ಮಗು ಓಡಾಡುತ್ತದೆ, ಶಾಲೆಗೆ ಹೋಗುತ್ತದೆ, ಮನೆಯವರು ಮರೆಯುತ್ತಾರೆ. ಆದರೆ ಬಟ್ಟಲು ಬೆಳೆದು ಮುಗಿಯುವುದು ಹದಿಹರೆಯದಲ್ಲಿ. ಅಲ್ಲಿಯವರೆಗೆ ವೈದ್ಯರು ಹೇಳಿದ ಅಂತರದಲ್ಲಿ ಎಕ್ಸ್‌ರೇ ತೆಗೆಸಿ, ಹಳೆಯ ಫಿಲ್ಮುಗಳನ್ನೆಲ್ಲ ಒಂದೇ ಲಕೋಟೆಯಲ್ಲಿ ಜೋಡಿಸಿಟ್ಟುಕೊಂಡರೆ, ಮುಂದೆ ಬೇರೆ ಊರಿನ ವೈದ್ಯರ ಬಳಿ ಹೋದಾಗಲೂ ಎರಡನ್ನು ಪಕ್ಕಪಕ್ಕದಲ್ಲಿ ಹಿಡಿದು ನೋಡಲು ಬರುತ್ತದೆ.